ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್, ಹನ್ನೊಂದು ಗಂಟೆಗೆ ಎಷ್ಟು ಹೊಡೆದರೂ ಇಲ್ಲ: ಸಣ್ಣ ವಿಮಾನದ ಎಂಜಿನ್ ಯಾಕೆ ಹಟ ಹಿಡಿಯುತ್ತದೆ?

ಪ್ರಶ್ನೆ: ನಾನು ಮೈಸೂರಿನವನು, ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದೇನೆ. ಸುಮಾರು 60 ಗಂಟೆ ಹಾರಾಟ ಆಗಿದೆ. ನಾವು ಬಳಸುವುದು ಸೆಸ್ನಾ 172 ಎಸ್, ಅದರಲ್ಲಿರುವುದು ಲೈಕಮಿಂಗ್ ಐಓ-360 ಎಂಜಿನ್. ಬೆಳಿಗ್ಗೆ ಆರೂವರೆಗೆ ಮೊದಲ ಸೆಲ್ಫ್‌ಗೇ ಸ್ಟಾರ್ಟ್ ಆಗುತ್ತದೆ. ಒಂದು ಸಾರ್ಟಿ (ಒಂದು ಸಲದ ಹಾರಾಟ) ಮುಗಿಸಿ, ಇಂಧನ ತುಂಬಿಸಿ, ಅರ್ಧ ಗಂಟೆ ಬಿಟ್ಟು ಹನ್ನೊಂದರ ಬಿಸಿಲಿನಲ್ಲಿ ಮತ್ತೆ ಹೊರಟರೆ ಹಿಡಿಯುವುದೇ ಇಲ್ಲ. ಹಿಡಿದರೂ ಎರಡು ಸಲ ಕೆಮ್ಮಿ ನಿಲ್ಲುತ್ತದೆ. ಹೋದ ವಾರ ಬ್ಯಾಟರಿ ಪೂರ್ತಿ ಇಳಿದು ಸಾರ್ಟಿಯೇ ರದ್ದಾಯಿತು. ಬ್ಯಾಟರಿ ವೀಕ್, ಅದಕ್ಕೇ ಕಿಡಿ ಬರುತ್ತಿಲ್ಲ ಎಂದು ಒಬ್ಬರು ಹೇಳಿದರೆ, ಪ್ಲಗ್ ಹೋಗಿದೆ ಎನ್ನುತ್ತಾರೆ ಇನ್ನೊಬ್ಬರು. ಥ್ರಾಟಲ್ ಪಂಪ್ ಮಾಡು ಎಂದು ಸೀನಿಯರ್ ಹೇಳುತ್ತಾರೆ. ಮೈಸೂರು ಎತ್ತರದಲ್ಲಿದೆ, ಗಾಳಿ ತೆಳು ಎಂದವರೂ ಇದ್ದಾರೆ. ಎಂಜಿನ್ ಸವೆದಿದೆಯೇ? ಇಂಥ ವಿಮಾನದಲ್ಲಿ ಸೋಲೋ (ಇನ್‌ಸ್ಟ್ರಕ್ಟರ್ ಇಲ್ಲದೆ ಒಬ್ಬನೇ) ಹೋಗಬಹುದೇ? ಇನ್ನೊಂದು ಮಾತು, ಎರಡು ಸಲ ಸ್ಟಾರ್ಟ್ ಮಾಡುವಾಗ ಪ್ರೊಪೆಲ್ಲರ್ ಟಣ್ ಎಂದು ಹಿಂದಕ್ಕೆ ಒದ್ದು ನಿಂತಿತು. ಅದು ಮಾಮೂಲಿಯೇ?

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ನೀವು ಅದನ್ನು ನೆನಪಾದ ಮೇಲೆ ಸೇರಿಸಿದ ಹಾಗಿದೆ, ಆದರೆ ಇಡೀ ಪತ್ರದಲ್ಲಿ ಗಾಬರಿಯಾಗುವಂಥದ್ದು ಅದೊಂದೇ. ಪ್ರೊಪೆಲ್ಲರ್ ಹಿಂದಕ್ಕೆ ಒದೆಯುವುದು ಮಾಮೂಲಿ ಅಲ್ಲ. ಹಳೇ ಬುಲೆಟ್ ಬೈಕಿನ ಟೈಮಿಂಗ್ ಮುಂದಾಗಿದ್ದರೆ ಕಿಕ್ಕರ್ ತಿರುಗಿ ಕಾಲಿಗೆ ಹೊಡೆಯುತ್ತಿತ್ತಲ್ಲ, ಇದೂ ಅದೇ ಜಾತಿಯ ಒದೆತ. ಇಲ್ಲಿ ಏಟು ಬೀಳುವುದು ಸ್ಟಾರ್ಟರ್‌ಗೆ, ರಿಂಗ್ ಗೇರ್‌ಗೆ. ಹತ್ತಿರ ಯಾರಾದರೂ ನಿಂತಿದ್ದರೆ ಅವರಿಗೆ. ಅದು ಎರಡು ಸಲ ಆಗಿದೆ ಎಂದರೆ ಮೂರನೆಯ ಸಲ ಹೊಡೆಯುವ ಮೊದಲು ವಿಮಾನದ ದಾಖಲೆ ಪುಸ್ತಕವಾದ ಟೆಕ್ ಲಾಗ್‌ನಲ್ಲಿ ಸ್ನ್ಯಾಗ್, ಅಂದರೆ ದೋಷದ ವರದಿ, ಬರೆಯಬೇಕು.

ಉಳಿದದ್ದು, ಅಂದರೆ ಬೆಳಿಗ್ಗೆ ಹಿಡಿದು ಹನ್ನೊಂದಕ್ಕೆ ಹಿಡಿಯದ ತೊಂದರೆ, ಬೇರೆಯದೇ ವಿಷಯ. ಎರಡನ್ನೂ ಒಂದೇ ರೋಗ ಎಂದುಕೊಂಡರೆ ಬ್ಯಾಟರಿ ಬದಲಾಗುತ್ತದೆ, ಪ್ಲಗ್ ಬದಲಾಗುತ್ತದೆ, ತೊಂದರೆ ಮಾತ್ರ ಇದ್ದಲ್ಲೇ ಇರುತ್ತದೆ. ಎಂಜಿನ್ ಸ್ಟಾರ್ಟ್ ಆಗುತ್ತಿಲ್ಲ ಎಂದು ಯಾರೇ ಬಂದು ಹೇಳಲಿ, ನಾವು ಮೊದಲು ಕೇಳುವುದು "ಯಾವಾಗ?" ಎಂದು. ರಾತ್ರಿಯಿಡೀ ನಿಂತ ಮೇಲೋ, ನಿಲ್ಲಿಸಿ ಐದು ನಿಮಿಷಕ್ಕೋ, ಅರ್ಧ ಗಂಟೆಗೋ, ಮಳೆ ಬಂದ ಮರುದಿನವೋ? ಆ ಉತ್ತರದಲ್ಲೇ ಅರ್ಧ ಪತ್ತೆ ಆಗಿಹೋಗುತ್ತದೆ. ನಿಮ್ಮ ವಿಮಾನ ತಣ್ಣಗಿದ್ದಾಗ ಒಂದೇ ಸಲಕ್ಕೆ ಹಿಡಿಯುತ್ತದೆ, ಬಿಸಿ ಎಂಜಿನ್ ಅರ್ಧ ಗಂಟೆ ನಿಂತ ಮೇಲೆ ಹಿಡಿಯುವುದಿಲ್ಲ. ಇದು ಬಹುಮಟ್ಟಿಗೆ ಇಂಧನ ಆವಿಯಾಗುವ ತೊಂದರೆ.

ಒಳಗೆ ಏನಾಗುತ್ತದೆ ನೋಡಿ. ಐಓ-360ರಲ್ಲಿ ಕಾರ್ಬ್ಯುರೇಟರ್ ಇಲ್ಲ. ಪಂಪಿನಿಂದ ಬಂದ ಇಂಧನ ಸರ್ವೋ (ಗಾಳಿಗೆ ತಕ್ಕಂತೆ ಇಂಧನ ಅಳೆದು ಬಿಡುವ ಭಾಗ) ದಾಟಿ ಎಂಜಿನ್ನಿನ ನೆತ್ತಿಯ ಮೇಲಿರುವ ಫ್ಲೋ ಡಿವೈಡರ್‌ಗೆ ಹೋಗುತ್ತದೆ. ಅಲ್ಲಿಂದ ನಾಲ್ಕು ಸಿಲಿಂಡರ್‌ಗಳಿಗೆ ಪೆನ್ನಿನ ರಿಫಿಲ್‌ನಷ್ಟು ಸಣ್ಣ ಸ್ಟೀಲ್ ಕೊಳವೆಗಳು ಹರಡಿಕೊಂಡಿರುತ್ತವೆ. ಹಾರುವಾಗ ಗಾಳಿ ನುಗ್ಗಿ ಇವೆಲ್ಲವನ್ನೂ ತಂಪಾಗಿಡುತ್ತದೆ. ಎಂಜಿನ್ ನಿಂತ ಕೂಡಲೇ ಗಾಳಿ ನಿಂತಿತು, ಆದರೆ ಸಿಲಿಂಡರ್ ಹೆಡ್‌ನ ಬಿಸಿ ಎಲ್ಲಿಗೂ ಹೋಗಿಲ್ಲ. ಅದು ಮೇಲಕ್ಕೇರಿ ಕೌಲಿಂಗ್ (ಎಂಜಿನ್ನಿನ ಹೊದಿಕೆ) ಒಳಗೇ ಕೂರುತ್ತದೆ. ನಾವು ಬಳಸುವ ನೀಲಿ ಬಣ್ಣದ ಎವಿಗ್ಯಾಸ್ 100 ಎಲ್‌ಎಲ್‌ನ ಹತ್ತನೇ ಒಂದು ಪಾಲು 75 ಡಿಗ್ರಿ ಸೆಲ್ಸಿಯಸ್‌ನೊಳಗೇ ಆವಿಯಾಗಬೇಕು ಎಂಬುದು ಅದರ ನಿಗದಿತ ಗುಣ. ಹಾಗಿದ್ದರೆ ಮಾತ್ರ ಚಳಿಯಲ್ಲೂ ಎಂಜಿನ್ ಹಿಡಿಯುತ್ತದೆ. ಅದೇ ಗುಣ ಬಿಸಿ ಎಂಜಿನ್ ಮೇಲೆ ತಿರುಗಿ ಬೀಳುತ್ತದೆ: ಸಣ್ಣ ಕೊಳವೆಗಳಲ್ಲಿ ಉಳಿದ ಇಂಧನ ಕುದಿಯುತ್ತದೆ.

ಕುದಿಯುವುದು ಎರಡು ಹಂತದಲ್ಲಿ ನಡೆಯುತ್ತದೆ, ವಾದವೆಲ್ಲ ಹುಟ್ಟುವುದು ಇಲ್ಲಿಯೇ. ನಿಲ್ಲಿಸಿದ ಮೊದಲ ಕೆಲವು ನಿಮಿಷ ಆವಿ ಹಿಗ್ಗಿ, ಕೊಳವೆಯಲ್ಲಿದ್ದ ದ್ರವವನ್ನು ನಾಜಲ್ ಮೂಲಕ ಇನ್‌ಟೇಕ್ ಪೋರ್ಟಿಗೆ ತಳ್ಳುತ್ತದೆ. ಆಗ ಸಿಲಿಂಡರ್ ಬಾಯಿಯಲ್ಲಿ ಇಂಧನ ಹೆಚ್ಚಾಗಿರುತ್ತದೆ. ಐದು ನಿಮಿಷಕ್ಕೆ ಮತ್ತೆ ಸ್ಟಾರ್ಟ್ ಮಾಡಿದರೆ ಪ್ರೈಮ್ ಮಾಡದೆಯೇ (ಸ್ಟಾರ್ಟ್‌ಗೆ ಮೊದಲು ಇಂಧನ ಬಿಡದೆಯೇ) ಹಿಡಿಯುವುದು ಇದರಿಂದ. ಹಾಗೆಯೇ ಆ ಹೊತ್ತಿನಲ್ಲಿ ಪ್ರೈಮ್ ಮಾಡಿದವರು ಫ್ಲಡ್ ಮಾಡಿಕೊಳ್ಳುವುದೂ (ಇಂಧನ ಅತಿಯಾಗಿ ಸುರಿದುಕೊಳ್ಳುವುದೂ) ಇದರಿಂದಲೇ. ಇಪ್ಪತ್ತು, ಮೂವತ್ತು, ನಲವತ್ತು ನಿಮಿಷ ಕಳೆದ ಮೇಲೆ ಪೋರ್ಟಿನಲ್ಲಿದ್ದದ್ದು ಆರಿಹೋಗಿರುತ್ತದೆ, ಕೊಳವೆಯಲ್ಲಿ ಆವಿ ಮಾತ್ರ ಇರುತ್ತದೆ. ಮಂಡ್ಯದ ಕಡೆ ಗದ್ದೆಗೆ ನೀರು ಹಾಯಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಂಪ್‌ಸೆಟ್ ಏರ್ ಹಿಡಿದರೆ ಮೋಟರ್ ತಿರುಗುತ್ತದೆ, ನೀರು ಬರುವುದಿಲ್ಲ. ಇಲ್ಲಿಯೂ ಅಷ್ಟೇ. ಎಂಜಿನ್ ಉಳಿದ ಆವಿಯಲ್ಲಿ ಎರಡು ಸಲ ಉರಿದು, ಹಿಂದೆ ದ್ರವ ಬಾರದೆ ನಿಲ್ಲುತ್ತದೆ. ನೀವು ಬರೆದ ಆ ಎರಡು ಕೆಮ್ಮು ಅದೇ.

ಮೈಸೂರಿನ ಎತ್ತರದ ಮಾತು ಬಿಡಿ. ಮಂಡಕಳ್ಳಿ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 700 ಮೀಟರ್‌ಗಿಂತ ಸ್ವಲ್ಪ ಮೇಲಿದೆ, ಗಾಳಿಯ ಒತ್ತಡ ಕಡಲತೀರಕ್ಕಿಂತ ಸುಮಾರು ಶೇ 8ರಷ್ಟು ಕಡಿಮೆ. ಅಷ್ಟಕ್ಕೇ ಸ್ಟಾರ್ಟ್ ಆಗದಿದ್ದರೆ ಬೆಳಿಗ್ಗೆ ಆರೂವರೆಗೂ ಆಗಬಾರದಿತ್ತು. ಮಾರ್ಚ್, ಏಪ್ರಿಲ್‌ನಲ್ಲಿ 34-35 ಡಿಗ್ರಿ ಬಿಸಿಲು, ಕಾದ ಏಪ್ರನ್ (ವಿಮಾನ ನಿಲ್ಲಿಸುವ ಅಂಗಳ), ಗಾಳಿಗೆ ಬೆನ್ನು ತಿರುಗಿಸಿ ನಿಲ್ಲಿಸಿದ ವಿಮಾನ, ಇವು ಮೂರು ಸೇರಿದರೆ ಎತ್ತರಕ್ಕಿಂತ ಎಷ್ಟೋ ಹೆಚ್ಚು ಕೆಲಸ ಮಾಡುತ್ತವೆ. ಚಳಿದೇಶದವರು ಬರೆದ ಪ್ರೀಹೀಟ್ (ಸ್ಟಾರ್ಟ್‌ಗೆ ಮೊದಲು ಎಂಜಿನ್ ಕಾಯಿಸುವ) ಸಲಹೆಗಳನ್ನೂ ಪಕ್ಕಕ್ಕಿಡಿ. ಲೈಕಮಿಂಗ್ ಎಂಜಿನ್‌ಗಳಿಗೆ ಅದು ಬೇಕಾಗುವುದು ಸೊನ್ನೆಗಿಂತ ಕೆಳಗೆ. ನಮ್ಮ ಡಿಸೆಂಬರ್ ಬೆಳಗಿನ ಚಳಿ ಎಂಜಿನ್ ಲೆಕ್ಕದಲ್ಲಿ ಚಳಿಯೇ ಅಲ್ಲ.

ಈಗ ಕೈಯಲ್ಲಿ ಮಾಡಬೇಕಾದದ್ದು. ಕೊನೆಯ ಮಾತು ನಿಮ್ಮ ವಿಮಾನದ ಪೈಲಟ್ ಹ್ಯಾಂಡ್‌ಬುಕ್‌ನದು ಮತ್ತು ನಿಮ್ಮ ಇನ್‌ಸ್ಟ್ರಕ್ಟರ್‌ದು. ನಾನು ಹೇಳುತ್ತಿರುವುದು ಅದರ ಹಿಂದಿನ ಕಾರಣ. 172 ಎಸ್‌ನಲ್ಲಿ ತಣ್ಣನೆಯ ಎಂಜಿನ್‌ಗೆ ವಿದ್ಯುತ್ತಿನ ಆಕ್ಸಿಲರಿ ಪಂಪ್ ಹಾಕಿ, ಮಿಕ್ಸ್ಚರ್ (ಇಂಧನ-ಗಾಳಿಯ ಹದ ಬದಲಿಸುವ ಹಿಡಿ) ಮುಂದೆ ತಳ್ಳಿ, ಇಂಧನದ ಫ್ಲೋ ಬಂದು ಕೆಲವು ಸೆಕೆಂಡ್ ಸ್ಥಿರವಾಗಿ ನಿಂತ ಮೇಲೆ ಮಿಕ್ಸ್ಚರ್ ಹಿಂದಕ್ಕೆಳೆಯುತ್ತೇವೆ. ಎಂಜಿನ್ ಬಿಸಿ ಇದ್ದರೆ ಈ ಪ್ರೈಮಿಂಗ್ ಬೇಡ ಎಂದು ಹ್ಯಾಂಡ್‌ಬುಕ್ಕೇ ಹೇಳುತ್ತದೆ. ಮಿಕ್ಸ್ಚರ್ ಕಟಾಫ್‌ನಲ್ಲೇ (ಇಂಧನ ಕಡಿದ ಸ್ಥಾನದಲ್ಲೇ) ಇರಲಿ, ಪಂಪ್ ಆಫ್ ಇರಲಿ, ಥ್ರಾಟಲ್ ಕಾಲು ಇಂಚು ತೆರೆದಿರಲಿ. ಬ್ರೇಕ್ ಹಿಡಿದು, ಸುತ್ತ ಕಣ್ಣಾಡಿಸಿ, "ಕ್ಲಿಯರ್ ಪ್ರಾಪ್" ಕೂಗಿ ಸೆಲ್ಫ್ ಹೊಡೆಯಿರಿ. ಉಳಿದ ಆವಿಯಲ್ಲಿ ಎಂಜಿನ್ ಹಿಡಿದ ಆ ಕ್ಷಣದಲ್ಲಿ ಮಿಕ್ಸ್ಚರನ್ನು ಒಂದೇ ಸಮನೆ, ತಡವರಿಸದೆ ಮುಂದೆ ತಳ್ಳಬೇಕು. ಬಹಳ ಜನ ಸೋಲುವುದು ಇಲ್ಲಿ. ಎಂಜಿನ್ ಹಿಡಿದ ಸಂತೋಷದಲ್ಲಿ ಕೀ ಬಿಟ್ಟು, ಆಮೇಲೆ ನಿಧಾನಕ್ಕೆ ಮಿಕ್ಸ್ಚರ್ ಹುಡುಕುತ್ತಾರೆ. ಅಷ್ಟರಲ್ಲಿ ಅದು ಹಸಿದು ನಿಂತಿರುತ್ತದೆ. ಒಂದು ಕೈ ಕೀ ಮೇಲೆ, ಇನ್ನೊಂದು ಕೈ ಮೊದಲಿನಿಂದಲೂ ಮಿಕ್ಸ್ಚರ್ ಮೇಲೆ ಇರಬೇಕು.

ಹಿಡಿದ ಮೇಲೂ ಅರ್ಧ ನಿಮಿಷ, ಒಂದು ನಿಮಿಷ ಗುರುಗುಟ್ಟಬಹುದು, ಯಾಕೆಂದರೆ ಕೊಳವೆಯಲ್ಲಿನ ಆವಿಗುಳ್ಳೆಗಳು ಇನ್ನೂ ಹೋಗಿಲ್ಲ. ಆಕ್ಸಿಲರಿ ಪಂಪನ್ನು ಸ್ವಲ್ಪ ಹೊತ್ತು ಹಾಕಿ 1,000-1,200 ಆರ್‌ಪಿಎಂನಲ್ಲಿ ಓಡಲು ಬಿಟ್ಟರೆ ಟ್ಯಾಂಕಿನ ತಣ್ಣನೆಯ ಇಂಧನ ಬಂದು ಗುಳ್ಳೆಗಳನ್ನು ದೂಡುತ್ತದೆ. ಆಮೇಲೆ ಪಂಪ್ ಆಫ್ ಮಾಡಿ ನೋಡಿ. ಎಂಜಿನ್ ನಯವಾಗಿ ಓಡುತ್ತಲೇ ಇದ್ದರೆ ಸರಿ. ಪಂಪ್ ತೆಗೆದ ಕೂಡಲೇ ಮತ್ತೆ ಕೆಮ್ಮಿದರೆ ಟೇಕಾಫ್ ಮಾತು ಬೇಡ.

ಹತ್ತು ಸೆಕೆಂಡ್ ಹೊಡೆದರೂ ಹಿಡಿಯಲಿಲ್ಲ ಎಂದರೆ ನಿಲ್ಲಿಸಿ ಯೋಚಿಸಿ: ಇಂಧನ ಹೆಚ್ಚಾಗಿದೆಯೇ, ಕಡಿಮೆಯಾಗಿದೆಯೇ? ಮೂಗು ಮತ್ತು ಕಣ್ಣು ಸಾಕು. ಪೆಟ್ರೋಲ್ ವಾಸನೆ, ಕೌಲಿಂಗ್ ಕೆಳಗೆ ತೊಟ್ಟಿಕ್ಕುವುದು, ಎಗ್ಜಾಸ್ಟ್‌ನಲ್ಲಿ ಕಪ್ಪು ಹೊಗೆ ಇದ್ದರೆ ಫ್ಲಡ್ ಆಗಿದೆ. ವಾಸನೆಯೂ ಇಲ್ಲ, ತೊಟ್ಟೂ ಇಲ್ಲ, ಹಿಡಿದು ಹಿಡಿದು ಸಾಯುತ್ತಿದೆ ಎಂದರೆ ಹಸಿವು. ಹಸಿವಿಗೆ ಮದ್ದು ಬಹಳ ಸಣ್ಣ ಪ್ರೈಮ್: ಪಂಪ್ ಹಾಕಿ, ಮಿಕ್ಸ್ಚರ್ ಮುಂದಿಟ್ಟು, ಒಂದೆರಡು ಸೆಕೆಂಡಿಗೆ ವಾಪಸ್. ಲೈನಿನಲ್ಲಿ ಆವಿ ಇರುವಾಗ ಫ್ಲೋ ಗೇಜನ್ನು ಪೂರ್ತಿ ನಂಬಬೇಡಿ, ಅದು ಏರುವುದನ್ನೇ ಕಾಯುತ್ತ ಕೂತರೆ ಫ್ಲಡ್ ಆಗುತ್ತದೆ. ಫ್ಲಡ್ ಆಗಿದ್ದರೆ ತದ್ವಿರುದ್ಧ. ಪಂಪ್ ಆಫ್, ಮಿಕ್ಸ್ಚರ್ ಕಟಾಫ್, ಥ್ರಾಟಲ್ ಅರ್ಧದಿಂದ ಪೂರ್ತಿ ತೆರೆದು ಸೆಲ್ಫ್. ಹೆಚ್ಚಾದ ಇಂಧನವನ್ನು ಗಾಳಿ ಎಳೆದೊಯ್ಯುತ್ತದೆ, ಹದ ಬಂದಾಗ ಎಂಜಿನ್ ಹಿಡಿಯುತ್ತದೆ. ಹಿಡಿದ ತಕ್ಷಣ ಥ್ರಾಟಲ್ ಹಿಂದಕ್ಕೆ, ಮಿಕ್ಸ್ಚರ್ ಮುಂದಕ್ಕೆ. ಥ್ರಾಟಲ್ ಹಿಂದಕ್ಕೆಳೆಯಲು ಮರೆತರೆ ಎಂಜಿನ್ ಅಬ್ಬರಿಸಿ ವಿಮಾನ ಮುಂದೆ ನುಗ್ಗುತ್ತದೆ. ಆದ್ದರಿಂದ ಈ ವಿಧಾನವನ್ನು ಮೊದಲ ಸಲ ಒಬ್ಬರೇ ಇದ್ದಾಗ ಪ್ರಯೋಗಿಸಬೇಡಿ.

ಸೆಲ್ಫ್‌ಗೂ ಮಿತಿ ಇದೆ. 10 ಸೆಕೆಂಡ್ ಹೊಡೆದು 20 ಸೆಕೆಂಡ್ ಬಿಡುವು, ಹೀಗೆ ಒಟ್ಟು ಮೂರು ಸಲ, ಆಮೇಲೆ 10 ನಿಮಿಷ ಸ್ಟಾರ್ಟರ್ ತಣ್ಣಗಾಗಬೇಕು. ಇದು 172 ಎಸ್ ಹ್ಯಾಂಡ್‌ಬುಕ್‌ನ ಲೆಕ್ಕ. ಬೇರೆ ಸ್ಟಾರ್ಟರ್ ಕೂರಿಸಿದ್ದರೆ ಅದರ ತಯಾರಕರ ಲೆಕ್ಕ ಬೇರೆ. ನಿಮ್ಮ ಬ್ಯಾಟರಿ ಇಳಿದದ್ದು ಅದು ವೀಕ್ ಆಗಿದ್ದರಿಂದ ಎಂದು ಈಗಲೇ ತೀರ್ಮಾನಿಸಬೇಡಿ. ಬಿಡುವಿಲ್ಲದೆ ಹತ್ತು ಹದಿನೈದು ಸಲ ಹೊಡೆದರೆ ಹೊಸ ಬ್ಯಾಟರಿಯೂ ಇಳಿಯುತ್ತದೆ, ಸ್ಟಾರ್ಟರ್ ವೈಂಡಿಂಗೂ ಸುಡುತ್ತದೆ.

ಇನ್ನೊಂದು ಎಚ್ಚರ. "ಮಿಕ್ಸ್ಚರ್ ಕಟಾಫ್‌ನಲ್ಲಿಟ್ಟು, ಥ್ರಾಟಲ್ ಪೂರ್ತಿ ತೆರೆದು, ಒಂದು ನಿಮಿಷ ಬೂಸ್ಟ್ ಪಂಪ್ ಓಡಿಸಿ ಲೈನ್ ತಂಪು ಮಾಡಿ" ಎಂಬ ಸಲಹೆ ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. ಅದು ಸುಳ್ಳಲ್ಲ, ಆದರೆ ಅದು ಕಾಂಟಿನೆಂಟಲ್ ಕಂಪನಿಯ ಇಂಜೆಕ್ಷನ್ ಎಂಜಿನ್‌ಗೆ ಹೇಳಿದ್ದು. ಅಲ್ಲಿ ಹೆಚ್ಚಾದ ಇಂಧನ ಟ್ಯಾಂಕಿಗೆ ಮರಳುವ ದಾರಿ ಇದೆ, ಹಾಗಾಗಿ ಪಂಪ್ ಓಡಿಸಿದರೆ ತಣ್ಣನೆಯ ಇಂಧನ ಸುತ್ತಿ ಬರುತ್ತದೆ. ಲೈಕಮಿಂಗ್‌ನಲ್ಲಿ ಸಾಮಾನ್ಯವಾಗಿ ಆ ವಾಪಸ್ ದಾರಿ ಇರುವುದಿಲ್ಲ. ಹಾಗಿದ್ದಾಗ ಕಟಾಫ್‌ನಲ್ಲಿಟ್ಟು ಪಂಪ್ ಓಡಿಸಿದರೆ ಅದು ಮುಚ್ಚಿದ ಬಾಗಿಲಿಗೆ ಒತ್ತುತ್ತಿರುತ್ತದೆ ಅಷ್ಟೇ. ಬಾಗಿಲು ತೆರೆದರೆ ಎಲ್ಲವೂ ಸಿಲಿಂಡರ್ ಬಾಯಿಗೇ ಸುರಿಯುತ್ತದೆ.

ನಿಮ್ಮ ಸೀನಿಯರ್ ಹೇಳಿದ ಥ್ರಾಟಲ್ ಪಂಪ್ ಮಾಡುವ ವಿಷಯವೂ ಹೀಗೆಯೇ, ಬೇರೆ ಎಂಜಿನ್‌ನ ಮದ್ದು. ಕೆಲವು ಕಾರ್ಬ್ಯುರೇಟರ್‌ಗಳಲ್ಲಿ ಆಕ್ಸಿಲರೇಟರ್ ಪಂಪ್ ಇರುತ್ತದೆ, ಥ್ರಾಟಲ್ ತಳ್ಳಿದಾಗಲೆಲ್ಲ ಒಂದು ಚಿಮ್ಮು ಇಂಧನ ಬೀಳುತ್ತದೆ. ನಿಮ್ಮ ಸರ್ವೋದಲ್ಲಿ ಅಂಥದ್ದು ಇಲ್ಲ, ಎಷ್ಟು ಪಂಪ್ ಮಾಡಿದರೂ ಕೈನೋವು ಬಿಟ್ಟರೆ ಫಲವಿಲ್ಲ. ಕಾರ್ಬ್ಯುರೇಟರ್ ಇರುವ ಹಳೆಯ 172ರಲ್ಲಿ ಮಾಡಿದರೆ ಅಪಾಯವೂ ಇದೆ. ಅಲ್ಲಿ ಕಾರ್ಬ್ಯುರೇಟರ್ ಎಂಜಿನ್ನಿನ ಕೆಳಗಿರುತ್ತದೆ. ಎಂಜಿನ್ ತಿರುಗದೆ ಇಂಧನ ಮೇಲೇರುವುದಿಲ್ಲ, ಕೆಳಗೆ ಏರ್‌ಬಾಕ್ಸಿಗೆ ಇಳಿಯುತ್ತದೆ. ಆಮೇಲೆ ಒಂದು ಬ್ಯಾಕ್‌ಫೈರ್ ಆದರೆ ಬೆಂಕಿ. ಹಾಗೆ ಇನ್‌ಟೇಕ್‌ನಲ್ಲಿ ಬೆಂಕಿ ಹೊತ್ತಿಕೊಂಡರೆ ಸೆಲ್ಫ್ ಬಿಡಬಾರದು ಎನ್ನುವುದನ್ನು ಪ್ರತಿಯೊಬ್ಬ ಟ್ರೈನಿಯೂ ನಿದ್ದೆಯಲ್ಲೂ ಹೇಳುವಂತಿರಬೇಕು. ಹೊಡೆಯುತ್ತಲೇ ಇದ್ದರೆ ಎಂಜಿನ್ ಹಿಡಿದು ಜ್ವಾಲೆಯನ್ನು ಒಳಕ್ಕೆಳೆದುಕೊಳ್ಳುತ್ತದೆ. ಹಿಡಿಯದಿದ್ದರೆ ಥ್ರಾಟಲ್ ಪೂರ್ತಿ ತೆರೆದು, ಮಿಕ್ಸ್ಚರ್ ಕಟಾಫ್ ಮಾಡಿ, ಹೊಡೆಯುತ್ತಲೇ ಇಂಧನ ಬಂದ್ ಮಾಡಿ, ಎಲ್ಲ ಸ್ವಿಚ್ ಆರಿಸಿ ಇಳಿದು ಓಡಬೇಕು.

ಬ್ಯಾಟರಿ ವೀಕ್ ಆದರೆ ಕಿಡಿ ವೀಕ್ ಎನ್ನುವುದು ಕಾರು, ಬೈಕಿನಿಂದ ಬಂದ ನಂಬಿಕೆ. ವಿಮಾನದಲ್ಲಿ ಕಿಡಿ ಹುಟ್ಟಿಸುವ ಮ್ಯಾಗ್ನೆಟೋಗೂ ಬ್ಯಾಟರಿಗೂ ನಂಟೇ ಇಲ್ಲ. ಒಳಗಿನ ಆಯಸ್ಕಾಂತ ತಿರುಗಿದರೆ ಅದೇ ವಿದ್ಯುತ್ ಹುಟ್ಟಿಸಿಕೊಳ್ಳುತ್ತದೆ. ಬ್ಯಾಟರಿಯ ಕೆಲಸ ಎಂಜಿನ್ನನ್ನು ತಿರುಗಿಸುವುದು ಮಾತ್ರ. ಆದರೆ ಆ ಮಾತಿನಲ್ಲಿ ಒಂದು ಎಳೆ ನಿಜ ಇದೆ, ಅದು ನಮ್ಮನ್ನು ಮತ್ತೆ ಆ ಒದೆತಕ್ಕೆ ಕರೆತರುತ್ತದೆ.

ಓಡುವ ಎಂಜಿನ್‌ನಲ್ಲಿ ಪಿಸ್ಟನ್ ತುದಿ ಮುಟ್ಟುವುದಕ್ಕೆ ಸುಮಾರು 25 ಡಿಗ್ರಿ ಮೊದಲೇ ಕಿಡಿ ಹೊಡೆಯುತ್ತದೆ. ನಿಮ್ಮ ಎಂಜಿನ್ನಿನ ನಿಖರ ಅಂಕಿ ಅದರ ಡೇಟಾ ಪ್ಲೇಟ್ ಮೇಲಿದೆ. ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಅದು ಸರಿ. ಸೆಲ್ಫ್ ಹೊಡೆಯುವಾಗಿನ ಆಮೆ ವೇಗದಲ್ಲಿ ಅಷ್ಟು ಮೊದಲೇ ಕಿಡಿ ಬಂದರೆ, ಪಿಸ್ಟನ್ ಮೇಲೆ ಬರುವ ಮೊದಲೇ ಉರಿ ಅದನ್ನು ಕೆಳಕ್ಕೆ ತಳ್ಳುತ್ತದೆ, ಪ್ರೊಪೆಲ್ಲರ್ ಹಿಂದಕ್ಕೆ ಒದೆಯುತ್ತದೆ. ಇದನ್ನು ತಪ್ಪಿಸಲು ಮ್ಯಾಗ್ನೆಟೋ ಮೂತಿಯಲ್ಲಿ ಇಂಪಲ್ಸ್ ಕಪ್ಲಿಂಗ್ ಎಂಬ ಭಾಗ ಇರುತ್ತದೆ. ನಿಧಾನ ವೇಗದಲ್ಲಿ ಅದರ ಕೊಕ್ಕೆ ಒಂದು ಪಿನ್ನಿಗೆ ಸಿಕ್ಕಿಹಾಕಿಕೊಂಡು ಮ್ಯಾಗ್ನೆಟೋವನ್ನು ತಡೆಹಿಡಿಯುತ್ತದೆ, ಒಳಗಿನ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ, ಪಿಸ್ಟನ್ ತುದಿಗೆ ಬಂದಾಗ ಕೊಕ್ಕೆ ಬಿಟ್ಟು ಟಕ್ ಎಂದು ಮ್ಯಾಗ್ನೆಟೋ ಚಿಮ್ಮುತ್ತದೆ. ಕಿಡಿ ತಡವಾಗಿಯೂ ಬಲವಾಗಿಯೂ ಬರುತ್ತದೆ. ಎಂಜಿನ್ ಓಡತೊಡಗಿದ ಮೇಲೆ ಕೊಕ್ಕೆಗಳು ತಿರುಗುವ ರಭಸಕ್ಕೆ ಹೊರಗೆ ಹೋಗಿ ದಾರಿ ಬಿಡುತ್ತವೆ.

ಆ ಸ್ಪ್ರಿಂಗ್ ಮುರಿದರೆ, ಕೊಕ್ಕೆ ಸವೆದರೆ, ಹಳೇ ಎಣ್ಣೆಯ ಜಿಗುಟಿನಲ್ಲಿ ಅಂಟಿಕೊಂಡರೆ ತಡ ಆಗಬೇಕಾದ ಕಿಡಿ ಮೊದಲೇ ಬರುತ್ತದೆ. ಕೆಲವು ವಿಮಾನಗಳಲ್ಲಿ ಎಡ ಮ್ಯಾಗ್ನೆಟೋಗೆ ಮಾತ್ರ ಇಂಪಲ್ಸ್ ಕಪ್ಲಿಂಗ್ ಇದ್ದು, ಕೀ ಸ್ಟಾರ್ಟ್‌ನಲ್ಲಿರುವಾಗ ಬಲದ್ದನ್ನು ಸ್ವಿಚ್ಚೇ ಅರ್ಥ್ ಮಾಡಿ ಸುಮ್ಮನಿರಿಸುತ್ತದೆ. ಆ ಸಂಪರ್ಕ ತಪ್ಪಿದರೂ ಒದೆತ ಬರುತ್ತದೆ. ಟೈಮಿಂಗ್ ಸರಿದಿದ್ದರೂ ಬರಬಹುದು. ಇನ್ನು ಬ್ಯಾಟರಿಯ ಎಳೆ: ಮೊದಲೇ ಕಿಡಿ ಬಂದರೂ ಸೆಲ್ಫ್ ಬಲವಾಗಿದ್ದರೆ ಪಿಸ್ಟನ್ ಹೇಗೋ ದಾಟಿಬಿಡುತ್ತದೆ. ಬ್ಯಾಟರಿ ಸೊರಗಿದ್ದರೆ ದಾಟುವುದಿಲ್ಲ, ಒದೆಯುತ್ತದೆ. ನೀವು ಹೊಡೆದು ಹೊಡೆದು ಬ್ಯಾಟರಿ ಇಳಿಸಿದ ದಿನವೇ ಆ ಟಣ್ ಕೇಳಿಸಿದ್ದರೆ ಅಚ್ಚರಿಯಿಲ್ಲ. ಹಾಗೆಂದು ಬ್ಯಾಟರಿ ಚಾರ್ಜ್ ಮಾಡಿ ಸುಮ್ಮನಾದರೆ ದೋಷ ಮುಚ್ಚಿಹೋಗುತ್ತದೆ, ಹೋಗುವುದಿಲ್ಲ. ಸವೆದ ಕಪ್ಲಿಂಗ್‌ನ ತುಂಡು ಕಳಚಿ ಎಂಜಿನ್ ಹಿಂಬದಿಯ ಗೇರ್‌ಗಳ ನಡುವೆ ಬಿದ್ದರೆ ಎಂಜಿನ್ ಗಾಳಿಯಲ್ಲೇ ನಿಲ್ಲಬಹುದು.

ಇದನ್ನು ನೋಡಬೇಕಾದವರು ನಾಗರಿಕ ವಿಮಾನಯಾನದ ನಿಯಂತ್ರಕ ಡಿಜಿಸಿಎ ಲೈಸೆನ್ಸ್ ಇರುವ ಎಎಂಇ, ಅಂದರೆ ವಿಮಾನ ನಿರ್ವಹಣಾ ಎಂಜಿನಿಯರ್. ಅವರು ಇಂಧನ ಬಂದ್ ಮಾಡಿ, ಪ್ಲಗ್ ಬಿಚ್ಚಿ ಎಂಜಿನ್ನನ್ನು ಸುರಕ್ಷಿತ ಮಾಡಿಕೊಂಡು ಪ್ರೊಪೆಲ್ಲರ್ ತಿರುಗಿಸಿದಾಗ ಅರ್ಧ ಸುತ್ತಿಗೊಮ್ಮೆ ಟಕ್ ಶಬ್ದ ಸ್ಪಷ್ಟವಾಗಿ ಬರಬೇಕು. ಬಾರದಿದ್ದರೆ ಅಥವಾ ಒಮ್ಮೆ ಬಂದು ಒಮ್ಮೆ ಬಾರದಿದ್ದರೆ ಮ್ಯಾಗ್ನೆಟೋ ಇಳಿಸಲೇಬೇಕು. ಮುಂದೆ ಟೈಮಿಂಗ್ ಲೈಟ್ ಹಾಕಿ ಎರಡೂ ಮ್ಯಾಗ್ನೆಟೋಗಳ ಟೈಮಿಂಗ್ ನೋಡುತ್ತಾರೆ. 500 ಗಂಟೆಗೊಮ್ಮೆ ಮಾಡುವ ಮ್ಯಾಗ್ನೆಟೋ ತಪಾಸಣೆ ಕೊನೆಯದಾಗಿ ಯಾವಾಗ ಆಗಿದೆ ಎಂದು ಲಾಗ್‌ಬುಕ್ ತೆಗೆಯುವುದೂ ಅಷ್ಟೇ ಮುಖ್ಯ. ನೀವು ಶಬ್ದ ಕೇಳುವ ಕುತೂಹಲಕ್ಕೆ ಪ್ರೊಪೆಲ್ಲರ್ ಮುಟ್ಟಬೇಡಿ, ದಯವಿಟ್ಟು. ಕಾರಿನಲ್ಲಿ ವೈರ್ ತುಂಡಾದರೆ ಇಗ್ನಿಷನ್ ಸಾಯುತ್ತದೆ. ಮ್ಯಾಗ್ನೆಟೋದಲ್ಲಿ ಅದಕ್ಕೆ ತದ್ವಿರುದ್ಧ: ಕೀಗೆ ಹೋಗುವ ಪಿ-ಲೀಡ್ ತುಂಡಾದರೆ ಕೀ ಆಫ್ ಇದ್ದರೂ ಮ್ಯಾಗ್ನೆಟೋ ಜೀವಂತ. ಬಿಸಿ ಸಿಲಿಂಡರಿನಲ್ಲಿ ಒಂದು ಗುಟುಕು ಆವಿ ಉಳಿದಿದ್ದರೆ, ಕೈಯಿಂದ ಸ್ವಲ್ಪ ತಿರುಗಿಸಿದರೂ ಅದು ಉರಿಯುತ್ತದೆ. ಬ್ಯಾಟರಿ ಇಳಿದಾಗ ಕೈಯಲ್ಲಿ ಪ್ರಾಪ್ ತಿರುಗಿಸಿ ಸ್ಟಾರ್ಟ್ ಮಾಡಿಸುವ ಮಾತು ಯಾರೇ ಎತ್ತಿದರೂ, ಒದೆಯುವ ಎಂಜಿನ್ ಮುಂದೆ ಯಾರನ್ನೂ ನಿಲ್ಲಲು ಬಿಡಬೇಡಿ.

ಬಿಸಿಯಲ್ಲಿ ಮಾತ್ರ ಸ್ಟಾರ್ಟ್ ಆಗದಿರುವುದಕ್ಕೆ ಆವಿಯಲ್ಲದೆ ಇನ್ನೊಂದು ಕಾರಣವೂ ಇರಬಹುದು. ಮ್ಯಾಗ್ನೆಟೋ ಒಳಗಿನ ಕಾಯಿಲ್‌ನ ಇನ್ಸುಲೇಶನ್ ಬಿಸಿಗೆ ಬಿರುಕು ಬಿಡುತ್ತದೆ, ಕೆಪಾಸಿಟರ್ ಕೈಕೊಡುತ್ತದೆ. ತಣ್ಣಗಿದ್ದಾಗ ಟೆಸ್ಟರ್ ಹಿಡಿದರೆ ಎಲ್ಲ ಸರಿ ಕಾಣುತ್ತದೆ. ಎರಡರ ನಡುವೆ ವ್ಯತ್ಯಾಸ ಹೀಗೆ ತಿಳಿಯಿರಿ: ಆವಿಯ ತೊಂದರೆ ಇದ್ದರೆ ಎಂಜಿನ್ ಹಿಡಿದು ಒಂದು ನಿಮಿಷಕ್ಕೆ ಸರಿಹೋಗುತ್ತದೆ, ಆಮೇಲೆ 1,800 ಆರ್‌ಪಿಎಂನಲ್ಲಿ ಮಾಡುವ ಮ್ಯಾಗ್ ಚೆಕ್ (ಒಂದೊಂದೇ ಮ್ಯಾಗ್ನೆಟೋ ಮೇಲೆ ಎಂಜಿನ್ ಓಡಿಸಿ ನೋಡುವುದು) ಚೊಕ್ಕಟವಾಗಿರುತ್ತದೆ. ಪ್ರತಿ ಮ್ಯಾಗ್ನೆಟೋಗೆ ಆರ್‌ಪಿಎಂ 150ಕ್ಕಿಂತ ಹೆಚ್ಚು ಇಳಿಯಬಾರದು, ಎರಡರ ನಡುವೆ 50ಕ್ಕಿಂತ ಹೆಚ್ಚು ಅಂತರ ಇರಬಾರದು. ಕಾಯಿಲ್ ತೊಂದರೆಯಾದರೆ ಬೆಳಗಿನ ಮ್ಯಾಗ್ ಚೆಕ್ ಸರಿ ಇದ್ದು, ಹಾರಾಟ ಮುಗಿಸಿ ಬಂದಾಗಿನ ಚೆಕ್‌ನಲ್ಲಿ ಒಂದು ಕಡೆ ಕುಸಿಯುತ್ತದೆ. ಹಾಗಾಗಿ ಇನ್‌ಸ್ಟ್ರಕ್ಟರ್ ಒಪ್ಪಿದರೆ ನಿಲ್ಲಿಸುವ ಮೊದಲೂ ಒಮ್ಮೆ ಮ್ಯಾಗ್ ಚೆಕ್ ಮಾಡಿ, ಎರಡೂ ಅಂಕಿ ಬರೆದಿಡಿ. ಮ್ಯಾಗ್ನೆಟೋ ಇಳಿಸಿ ಬಿಚ್ಚುವುದಕ್ಕೆ ಮೊದಲು ಎಎಂಇ ಕೈಗೆ ಇದಕ್ಕಿಂತ ಉಪಯುಕ್ತವಾದ ಮಾಹಿತಿ ಸಿಗುವುದು ಕಷ್ಟ.

ನಿಲ್ಲಿಸುವಾಗ ಬಿಟ್ಟಿಯಾಗಿ ಸಿಗುವ ಇನ್ನೊಂದು ಸುಳಿವಿದೆ. ಐಡಲ್‌ನಲ್ಲಿ ಮಿಕ್ಸ್ಚರ್ ನಿಧಾನಕ್ಕೆ ಹಿಂದೆಳೆದಾಗ ಎಂಜಿನ್ ಸಾಯುವ ಮೊದಲು ಆರ್‌ಪಿಎಂ 10ರಿಂದ 50ರಷ್ಟು ಏರಬೇಕು. ಏರದೆ ಸತ್ತರೆ ಐಡಲ್ ಮಿಶ್ರಣ ಹಸಿದಿದೆ, ಬಿಸಿ ಸ್ಟಾರ್ಟ್ ಕಷ್ಟವಾಗುವುದಕ್ಕೆ ಅದೇ ಕಾರಣವಿರಬಹುದು. 50 ದಾಟಿ ಏರಿದರೆ ಇಂಧನ ಹೆಚ್ಚಾಗಿದೆ, ಕೆಳಗಿನ ಪ್ಲಗ್‌ಗಳು ಮಸಿ ಹಿಡಿಯುತ್ತಿರುತ್ತವೆ.

ಪ್ಲಗ್ ವಿಷಯ ಬೇಗ ಮುಗಿಸುತ್ತೇನೆ. ಪ್ಲಗ್ ಕೆಟ್ಟಿದ್ದರೆ ಬೆಳಗಿನ ಸ್ಟಾರ್ಟೂ ಒರಟಾಗಿರುತ್ತಿತ್ತು, ಹಾಗಾಗಿ ನಿಮ್ಮ ವಿಮಾನದಲ್ಲಿ ಅದು ಮೊದಲ ಅನುಮಾನ ಅಲ್ಲ. ಆದರೂ ಫ್ಲಡ್ ಆದ ಎಂಜಿನ್ ಮೇಲೆ ಹೊಡೆದು ಹೊಡೆದು ಅವು ನೆನೆದಿರಬಹುದು. ಜಾವಾ, ಯೆಜ್ಡಿ ತಯಾರಾದ ಊರಿನವರಿಗೆ ಪ್ಲಗ್ ಬಿಚ್ಚಿ ಉಜ್ಜಿ ಹಾಕುವುದು ಹೊಸದಲ್ಲ, ಆದರೆ ಈ ಪ್ಲಗ್‌ಗೆ ಆ ಸಲುಗೆ ನಡೆಯುವುದಿಲ್ಲ. ಸಾಮಾನ್ಯ ದಪ್ಪ ಎಲೆಕ್ಟ್ರೋಡ್ ಪ್ಲಗ್‌ನ ಗ್ಯಾಪ್ 0.016ರಿಂದ 0.021 ಇಂಚು. ಒಳಗಿನ ರೆಸಿಸ್ಟರ್ 5,000 ಓಮ್ ದಾಟಿದರೆ ಎಸೆಯಬೇಕು. ಲೈಕಮಿಂಗ್‌ನಲ್ಲಿ ಬಿಗಿಯುವುದು 35 ಫುಟ್-ಪೌಂಡ್‌ಗೆ. ಕೈಜಾರಿ ನೆಲಕ್ಕೆ ಬಿದ್ದ ಪ್ಲಗ್ ಹೊಸದಾದರೂ ಹಾಕುವಂತಿಲ್ಲ, ಒಳಗಿನ ಸೆರಾಮಿಕ್ ಬಿರುಕು ಹೊರಗೆ ಕಾಣುವುದಿಲ್ಲ.

ಸೆಲ್ಫ್ ನಿಧಾನವಾಗಿ ತಿರುಗುತ್ತಿದೆ ಎನಿಸಿದರೆ ಬ್ಯಾಟರಿ ಬದಲಿಸುವ ಮೊದಲು ಅರ್ಥಿಂಗ್ ನೋಡಿಸಿ. ವಿಶ್ರಾಂತಿಯಲ್ಲಿದ್ದಾಗ 24 ವೋಲ್ಟ್ ಬ್ಯಾಟರಿ 25.4ರ ಆಸುಪಾಸು ತೋರಿಸಿದರೆ ಅದು ತುಂಬಿದೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟ್ ಮೇಲೆ, ಹಾಗಾಗಿ ಸ್ಟಾರ್ಟರ್‌ನ ಅಷ್ಟೂ ಕರೆಂಟ್ ವಾಪಸ್ ಬರಬೇಕಾದದ್ದು ಎಂಜಿನ್‌ಗೂ ದೇಹಕ್ಕೂ ಕಟ್ಟಿದ ಒಂದು ಹೆಣೆದ ತಂತಿಪಟ್ಟಿಯಲ್ಲಿ. ಅದು ತುಕ್ಕು ಹಿಡಿದರೆ ಕರೆಂಟ್ ಥ್ರಾಟಲ್ ಕೇಬಲ್, ಮಿಕ್ಸ್ಚರ್ ಕೇಬಲ್ ಹುಡುಕಿಕೊಂಡು ಹೋಗಿ ಅವನ್ನು ಸುಡುತ್ತದೆ. ಸೆಲ್ಫ್ ತಿರುಗುವಾಗ ಎಂಜಿನ್ ಕೇಸ್‌ಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಅರ್ಧ ವೋಲ್ಟ್‌ಗಿಂತ ಹೆಚ್ಚು ಕಂಡರೆ ತಪ್ಪು ಅಲ್ಲಿದೆ.

ಎಂಜಿನ್ ಸವೆದಿದೆಯೇ ಎಂದು ಕೇಳಿದ್ದೀರಿ. ನೀವು ಹೇಳಿದ ಲಕ್ಷಣದಿಂದ ಹಾಗೆ ಅನಿಸುವುದಿಲ್ಲ. ಕಂಪ್ರೆಷನ್ ಹೋದ ಎಂಜಿನ್ ಬೆಳಿಗ್ಗೆಯೂ ಅಷ್ಟು ಸುಲಭಕ್ಕೆ ಹಿಡಿಯುವುದಿಲ್ಲ. ಅನುಮಾನ ಇದ್ದರೆ 80 ಪಿಎಸ್‌ಐ ಗಾಳಿ ಕೊಟ್ಟು ಮಾಡುವ ಪರೀಕ್ಷೆ ಹೇಗೂ ಇದೆ. ನಾಲ್ಕೂ ಸಿಲಿಂಡರ್ 70ರ ಮೇಲಿದ್ದು ಒಂದಕ್ಕೊಂದು ಹತ್ತಿರವಿದ್ದರೆ ನಿಶ್ಚಿಂತೆಯಿಂದಿರಿ. ಇದಕ್ಕೆ ವಿರುದ್ಧವಾಗಿ ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಎಂಜಿನ್ ಗಡಗಡ ನಡುಗಿ ಒಂದೆರಡು ನಿಮಿಷಕ್ಕೆ ಸರಿಹೋದರೆ, "ಬಿಸಿಯಾಯಿತು, ಸರಿಯಾಯಿತು" ಎಂದು ಹಾರಿಬಿಡಬೇಡಿ. ಅದು ಎಗ್ಜಾಸ್ಟ್ ವಾಲ್ವ್ ಗೈಡಿನಲ್ಲಿ ಅಂಟಿಕೊಳ್ಳುತ್ತಿರುವ ಲಕ್ಷಣ.

ಮುಂದೆ ದಾರಿಗಳೇನು? ಎಲ್ಲಕ್ಕಿಂತ ಅಗ್ಗದ್ದು ನಿಲ್ಲಿಸುವ ರೀತಿ: ಮೂತಿ ಗಾಳಿಗೆ ಎದುರಾಗಿರಲಿ, ಸಾಧ್ಯವಾದರೆ ನೆರಳಿರಲಿ, ಆಯಿಲ್ ನೋಡುವ ಸಣ್ಣ ಬಾಗಿಲು ತೆರೆದಿಟ್ಟರೆ ಬಿಸಿ ಹೊಗೆಗೂಡಿನಿಂದ ಹೋದಂತೆ ಮೇಲಕ್ಕೆ ಹೋಗುತ್ತದೆ. ಸ್ಟಾರ್ಟ್‌ಗೆ ಮೊದಲು ಅದನ್ನು ಮುಚ್ಚಲು ಮರೆಯುವುದೊಂದೇ ಅಪಾಯ. ತೆರೆದಿದೆ ಎಂದು ಕಾಣುವ ಹಾಗೆ ಒಂದು ಕೆಂಪು ರಿಬ್ಬನ್ ಕೀಗೆ ಕಟ್ಟಿ. ಸಾರ್ಟಿಗಳ ನಡುವಿನ ಬಿಡುವನ್ನು ಹತ್ತು ನಿಮಿಷಕ್ಕೆ ಇಳಿಸಿದರೂ ಆದೀತು, ಒಂದೂವರೆ ಎರಡು ಗಂಟೆಗೆ ಏರಿಸಿದರೂ ಆದೀತು, ಕಷ್ಟ ಇರುವುದು ನಡುವಿನ ಆ ಅರ್ಧ ಗಂಟೆಯಲ್ಲಿ. ಹೊರಗಿನ ಪವರ್ ಕೊಟ್ಟು ಸ್ಟಾರ್ಟ್ ಮಾಡಿಸಬಹುದು, ಆದರೆ ಸತ್ತ ಬ್ಯಾಟರಿ ಹೊತ್ತು ಹಾರಬಾರದು. ಆಲ್ಟರ್ನೇಟರ್ ಕೈಕೊಟ್ಟರೆ ರೇಡಿಯೋಗೂ ಉಪಕರಣಗಳಿಗೂ ಉಳಿಯುವುದು ಆ ಬ್ಯಾಟರಿ ಒಂದೇ. ಡೀಸೆಲ್ ಗಾಡಿಗೆ ಹೊಡೆಯುವ ಈಥರ್ ಸ್ಪ್ರೇ, ಬಂಕಿನ ಎಥನಾಲ್ ಬೆರೆತ ಪೆಟ್ರೋಲ್ ಇವೆರಡನ್ನೂ ಈ ಎಂಜಿನ್ ಹತ್ತಿರ ತರಬೇಡಿ. ಮೊದಲನೆಯದು ಸಿಲಿಂಡರಿನಲ್ಲಿ ಸಿಡಿಯುತ್ತದೆ. ಎರಡನೆಯದು ಎವಿಗ್ಯಾಸ್‌ಗಿಂತ ಸುಲಭವಾಗಿ ಆವಿಯಾಗಿ ಇದೇ ತೊಂದರೆಯನ್ನು ಹೆಚ್ಚಿಸುತ್ತದೆ, ಜೊತೆಗೆ ಸೀಲ್‌ಗಳನ್ನು ತಿನ್ನುತ್ತದೆ.

ಸರಿಯಾದ ಬಿಸಿ ಸ್ಟಾರ್ಟ್ ವಿಧಾನದಲ್ಲೂ ದಿನವೂ ಹಿಡಿಯದಿದ್ದರೆ ಎಎಂಇ ನಾಜಲ್‌ಗಳನ್ನು ನೋಡಲಿ. ನಾಲ್ಕೂ ನಾಜಲ್ ಬಿಚ್ಚಿ, ಲೈನಿಗೆ ಮತ್ತೆ ಜೋಡಿಸಿ, ಒಂದೇ ಅಳತೆಯ ನಾಲ್ಕು ಗಾಜಿನ ಬಾಟಲಿಗೆ ಇಳಿಬಿಟ್ಟು ಪಂಪ್ ಓಡಿಸಿದರೆ ಯಾವುದು ಕಟ್ಟಿಕೊಂಡಿದೆ ಎಂದು ಮಟ್ಟವೇ ಹೇಳುತ್ತದೆ. ಇನ್‌ಟೇಕ್ ಕೊಳವೆಯ ಬುಡದಲ್ಲಿ ನೀಲಿ ಕಲೆ ಇದ್ದರೆ ಗ್ಯಾಸ್ಕೆಟ್ ಸೋರುತ್ತಿದೆ. ಟ್ಯಾಂಕಿನ ವೆಂಟ್ ಪೈಪಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದೆಯೇ ಎಂದೂ ನೋಡಿ, ನಮ್ಮ ಕಡೆ ನಿಂತ ವಿಮಾನಗಳಲ್ಲಿ ಇದು ಅಪರೂಪವಲ್ಲ.

ಸೋಲೋ ಬಗ್ಗೆ: ಆವಿಯ ತೊಂದರೆ ಮಾತ್ರ ಇದ್ದು, ಎಂಜಿನ್ ಹಿಡಿದು, ಪಂಪ್ ಆಫ್ ಮಾಡಿದರೂ ನಯವಾಗಿ ಓಡಿ, ಮ್ಯಾಗ್ ಚೆಕ್ ಮತ್ತು ಪೂರ್ತಿ ಥ್ರಾಟಲ್‌ನ ಆರ್‌ಪಿಎಂ ಸರಿ ಇದ್ದರೆ ಅದು ಹಾರುವ ವಿಮಾನವೇ. ಒದೆತ ಇರುವ ವಿಮಾನ ಹಾಗಲ್ಲ. ಮ್ಯಾಗ್ನೆಟೋ ನೋಡಿ, ಸ್ಟಾರ್ಟರ್ ಹೌಸಿಂಗ್‌ನಲ್ಲಿ ಬಿರುಕಿಲ್ಲ ಎಂದು ಖಚಿತಪಡಿಸಿ, ಎಎಂಇ ಸಹಿ ಹಾಕುವವರೆಗೆ ಸೋಲೋನೂ ಬೇಡ, ಇನ್‌ಸ್ಟ್ರಕ್ಟರ್ ಜೊತೆಗಿನ ಡ್ಯುಯಲ್ಲೂ ಬೇಡ. ಸ್ನ್ಯಾಗ್ ಬರೆಯುವಾಗ "ಸ್ಟಾರ್ಟ್ ಆಗುತ್ತಿಲ್ಲ" ಎಂದು ಒಂದೇ ಸಾಲು ಗೀಚಬೇಡಿ. ಎಂಜಿನ್ ನಿಂತು ಎಷ್ಟು ನಿಮಿಷವಾಗಿತ್ತು, ಹೊರಗಿನ ಉಷ್ಣಾಂಶ ಎಷ್ಟಿತ್ತು, ಎಷ್ಟು ಸೆಕೆಂಡ್ ಪ್ರೈಮ್ ಮಾಡಿದಿರಿ, ಎಷ್ಟು ಸಲ ಸೆಲ್ಫ್ ಹೊಡೆದಿರಿ, ವಾಸನೆ ಇತ್ತೇ, ಎಷ್ಟನೆಯ ಸಲಕ್ಕೆ ಒದೆಯಿತು, ಹಿಂದಿನ ಹಾರಾಟದ ಕೊನೆಯಲ್ಲಿ ಎಡ-ಬಲ ಮ್ಯಾಗ್ ಎಷ್ಟೆಷ್ಟು ಇಳಿಯಿತು, ಇಷ್ಟನ್ನೂ ಬರೆಯಿರಿ.